ಊರು ನಾರ್ಮಲ್ ಆದ ದಿನ

ಗಲಾಟೆಯಾಗಿ ವಾರ ಕಳೆದರೂ ಪೇಟೆಯಲ್ಲಿ ಒಂದು ನರಪಿಳ್ಳೆಯೂ ಸುಳಿಯುತ್ತಿರಲಿಲ್ಲ. ಅಂಥದ್ದರಲ್ಲಿ ಬೆಳಿಗ್ಗೆಯೇ ಇನ್‌ಸ್ಪೆಕ್ಟರ್ ಬಂದು ಬಳೆ ಅಂಗಡಿಯ ನೀಲಕ್ಕನ ಮನೆ ಬಾಗಿಲು ಬಡಿದ.

"ಅಂಗಡಿ ತೆಗಿಯಮ್ಮ. ಮಂತ್ರಿಗಳು ಬರ್ತಿದ್ದಾರೆ. ಊರು ನಾರ್ಮಲ್ ಆಗಿದೆ."

"ಎಲ್ಲಿ ಆಗಿದೆ ಸ್ವಾಮಿ? ಹೆಣ್ಮಕ್ಕಳು ಹೊಸಿಲು ದಾಟ್ತಿಲ್ಲ. ಇರೋ ಬಳೆನೆಲ್ಲ ನಾನೇ ತೊಟ್ಕೊಂಡು ಕೂತ್ಕೊಳ್ಲಾ?"

"ಅಧಿಕಪ್ರಸಂಗ ಬೇಡ. ಸರ್ಕಾರ ನಾರ್ಮಲ್ ಅಂದ್ಮೇಲೆ ನಾರ್ಮಲ್ಲೇ. ಗಿರಾಕಿಗಳು ತಾವಾಗೇ ಬರ್ತಾರೆ, ನೋಡ್ತಿರು."

ಇವನ ಬಾಯಿಗೆ ಮಣ್ಣು ಬೀಳ ಎಂದು ಗೊಣಗುತ್ತಲೇ ನೀಲಕ್ಕ ಹೋಗಿ ಅಂಗಡಿ ತೆಗೆದಳು. ಸ್ವಲ್ಪ ಹೊತ್ತಿಗೆ ಜರಿಸೀರೆಯ ಇಬ್ಬರು ಹೆಂಗಸರು ಬಂದು ಕೂತು ಕೈ ಚಾಚಿಯೇಬಿಟ್ಟರು! ಚೌಕಾಸಿಯನ್ನೂ ಮಾಡಲಿಲ್ಲ. ಅವರಿಗೆ ಕೈತುಂಬ ಹಸಿರು ಬಳೆ ತೊಡಿಸುತ್ತ ನೀಲಕ್ಕ, ಆ ಮನುಷ್ಯನನ್ನು ಸುಮ್ಮನೆ ಬೈದೆನೇನೋ ಎಂದುಕೊಂಡಳು.

ಅಷ್ಟರಲ್ಲಿ ಮಂತ್ರಿಗಳು ಕ್ಯಾಮೆರಾದವರ ದಂಡು ಕಟ್ಟಿಕೊಂಡು ಅಂಗಡಿಯ ಮುಂದೆ ಬಂದು ನಿಂತರು.

"ನೋಡ್ರಪ್ಪ, ಹೆಣ್ಮಕ್ಕಳು ನೆಮ್ಮದಿಯಾಗಿ ಬಳೆ ತೊಡ್ತಿದ್ದಾರೆ. ನಾರ್ಮಲ್ ಅಂದ್ರೆ ಇದೇ! ಏನಂತೀರಮ್ಮ?"

ಇಬ್ಬರೂ ದಡಕ್ಕನೆ ಎದ್ದು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಬಳೆ ಘಲ್ಲೆನ್ನುವಂತೆ ಸೆಲ್ಯೂಟ್ ಹೊಡೆದರು.