ಗೋಡೆ ತಟ್ಟುವವಳು

ಮಹಡಿಯ ಕೋಣೆಯಿಂದ ಮತ್ತೆ ಆ ಸದ್ದು ಬಂತು. ಟಕ್, ಟಕ್. ಕೆಳಗೆ ಬೇಕರಿಯಲ್ಲಿ ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ ಮಗ ಕೈ ನಿಲ್ಲಿಸಿ ತಾಯಿಯ ಮುಖ ನೋಡಿದ.

"ಕೇಳಿಸ್ತಾ ಅಮ್ಮ? ಬೆಳಗಾದ್ರೆ ಸಾಕು, ಗೋಡೆ ಬಡಿಯೋಕೆ ಶುರು ಮಾಡ್ತಾಳೆ. ನಾಳೆ ಡಾಕ್ಟರು ಬರ್ತಾರೆ. ಇನ್ನೂ ಹೀಗೇ ಇದ್ರೆ ಆಸ್ಪತ್ರೆಗೆ ಸೇರಿಸೋದೇ ವಾಸಿ ಅಂದಿದಾರೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹುಟ್ಟಿದ ಮಗು ಉಳಿಯದೆ ಹೋದ ಮೇಲೆ ಅವನ ಹೆಂಡತಿ ಗಿರಾಕಿಗಳ ಎದುರಿಗೇ ನಿಂತು ಅಳುತ್ತಿದ್ದಳು. ಪೂರ್ತಿ ವಿಶ್ರಾಂತಿ ಬೇಕು, ಕೆಲಸ ಮುಟ್ಟಕೂಡದು, ಯಾರೂ ಹೆಚ್ಚು ಮಾತಾಡಿಸಕೂಡದು ಎಂದರು ಡಾಕ್ಟರು. ಆದರೂ ಅವಳು ಒಂದು ದಿನ ಮೆಟ್ಟಿಲಿಳಿದು ಭಟ್ಟಿಯ ಹತ್ತಿರ ಬಂದು ನಿಂತಳು. ಅವತ್ತಿನಿಂದ ಕೋಣೆಗೆ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಅತ್ತೆ ಹಾಲಿನ ಲೋಟ ಹಿಡಿದು ಮೇಲೆ ಹತ್ತಿ ಬೀಗ ತೆಗೆದಳು. ಸೊಸೆ ಗೋಡೆಗೆ ಕಿವಿಯಿಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದಳು. ಅಲ್ಲಲ್ಲಿ ಸುಣ್ಣ ಉದುರಿತ್ತು. ಅವಳ ಬೆರಳಿನ ಗೆಣ್ಣು ತರಚಿತ್ತು.

"ಶ್! ಮೆಲ್ಲಗೆ ಅತ್ತೆ. ಒಳಗೊಬ್ಬಳು ಇದಾಳೆ."

"ಯಾರಮ್ಮ?"

"ಗೊತ್ತಿಲ್ಲ. ಇನ್ನೂ ಬೆಂದಿಲ್ಲ ಅವಳು. ಸದ್ದು ಮಂಕಾಗಿದೆ, ಕೇಳಿ. ಈಗಲೇ ಆಚೆ ತೆಗೆದ್ರೆ ಒಳಗೆಲ್ಲಾ ಹಸಿ."

ಅತ್ತೆ ಹಾಲಿನ ಲೋಟವನ್ನು ಕೆಳಗಿಟ್ಟಳು. ಮಗ ಹೇಳಿದ್ದೇ ನಿಜವೇ ಹಾಗಾದರೆ? ಅಷ್ಟರಲ್ಲಿ ಸೊಸೆ ಮತ್ತೆ ಕೈ ಎತ್ತಿದಳು. ನಡುಬೆರಳು ಮಡಿಚಿ, ಮಣಿಕಟ್ಟು ಸಡಿಲ ಬಿಟ್ಟು, ಎರಡೇ ಎರಡು ಸಲ ತಟ್ಟಿ, ಕಿವಿಯಿಟ್ಟಳು. ಅತ್ತೆ ನೋಡುತ್ತಲೇ ನಿಂತಳು. ಭಟ್ಟಿಯಿಂದ ತೆಗೆದ ಬ್ರೆಡ್ಡನ್ನು ಬೋರಲು ಹಾಕಿ, ತಳವನ್ನು ಹೀಗೆಯೇ ತಟ್ಟಿ ನೋಡುವುದನ್ನು ಮದುವೆಯಾದ ಹೊಸತರಲ್ಲಿ ಇವಳಿಗೆ ಕಲಿಸಿದ್ದು ತಾನೇ. ಖಾಲಿ ಡಬ್ಬದಂತೆ ಸದ್ದು ಬಂದರೆ ಬೆಂದಿದೆ, ಮಂಕಾಗಿದ್ದರೆ ಮತ್ತೆ ಒಳಗೆ. ಈ ಹುಡುಗಿ ಗೋಡೆ ಬಡಿಯುತ್ತಿಲ್ಲ. ಬ್ರೆಡ್ಡು ಕಿತ್ತುಕೊಂಡ ಮೇಲೆ ಕೈಗೆ ಉಳಿದದ್ದು ಗೋಡೆ ಒಂದೇ.

ಅತ್ತೆ ಬಾಗಿಲನ್ನು ಹಾಗೇ ತೆರೆದಿಟ್ಟು ಕೆಳಗಿಳಿದಳು. ಮಗ ಭಟ್ಟಿಗೆ ಸೌದೆ ತರಲು ಹಿತ್ತಲಿಗೆ ಹೋಗಿದ್ದ. ಒಂದು ಹಿಡಿ ಹಿಟ್ಟು ಕಿತ್ತು ಬಟ್ಟೆಯಲ್ಲಿ ಸುತ್ತಿ, ಮಂಡಿನೋವಿಗೆ ಬೈಯುತ್ತಾ ಮತ್ತೆ ಹತ್ತಿ, ಸೊಸೆಯ ಮಡಿಲಿಗೆ ಹಾಕಿದಳು. ಸೊಸೆ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು.

"ಡಾಕ್ಟರು ಬೈತಾರೆ."

"ಬೈಲಿ. ಬೈಸಿಕೊಳ್ಳೋಕೆ ನಾನಿದೀನಲ್ಲ."

ಎಷ್ಟೋ ಹೊತ್ತಿನ ಮೇಲೆ ಒಂದು ಬೆರಳು ಹಿಟ್ಟನ್ನು ಒತ್ತಿತು. ಆಮೇಲೆ ಅಂಗೈ ಒತ್ತಿತು. ಸೊಸೆ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿಕೊಂಡು ಹುಬ್ಬು ಗಂಟಿಕ್ಕಿದಳು.

"ಅತ್ತೆ, ಇದನ್ನ ಕಲಸಿದ್ದು ಯಾರು?"

"ಇನ್ಯಾರು, ನಿನ್ನ ಗಂಡ."

"ಅದಕ್ಕೇ. ಉಪ್ಪೇ ಹಾಕಿಲ್ಲ."

"ದಿನಾ ಇದೇ ಕಥೆ ಕಣೆ. ಗಿರಾಕಿಗಳು ಅವನ ಮುಖ ನೋಡಿ, ಪಾಪ ಅಂತ ಏನೂ ಅನ್ನದೆ ತಗೊಂಡು ಹೋಗ್ತಿದಾರೆ."

ಸೊಸೆಯ ತುಟಿಯಂಚು ಸ್ವಲ್ಪ ಅಲುಗಿತು. ಅತ್ತೆಗೆ ಅಷ್ಟೇ ಸಾಕಾಗಿತ್ತು. ಕೈ ಹಿಡಿದು ಎಬ್ಬಿಸಿದಳು.

ಇಳಿಯುವಾಗ ಸೊಸೆ ಮೆಟ್ಟಿಲು ಮೆಟ್ಟಿಲಿಗೂ ನಿಂತು ಗೋಡೆ ತಟ್ಟಿದಳು. ಅತ್ತೆ ತಡೆಯಲಿಲ್ಲ, ಅವಸರ ಮಾಡಲಿಲ್ಲ. "ಇಲ್ಲಿದಾಳಾ?" ಎಂದು ಕೇಳುತ್ತಿದ್ದಳು, ಅಷ್ಟೆ. "ಇಲ್ಲಿಲ್ಲ," ಎನ್ನುತ್ತಿದ್ದಳು ಸೊಸೆ. ಕೊನೆಯ ಮೆಟ್ಟಿಲಲ್ಲಿ ತಟ್ಟುವುದನ್ನು ಮರೆತಳು.

ಸೌದೆ ಹೊತ್ತು ಬಂದ ಮಗ ಅಲ್ಲೇ ನಿಂತ. "ಅಮ್ಮ! ಏನಿದು? ಕೊಡು ಇಲ್ಲಿ ಬೀಗದ ಕೈ."

"ಸೊಂಟದಲ್ಲೇ ಇತ್ತು, ಎಲ್ಲೋ ಬಿತ್ತು ಕಣೋ. ವಯಸ್ಸಾಯ್ತು ನಂಗೆ. ಮೊದಲು ಅವಳಿಗೆ ಉಪ್ಪಿನ ಡಬ್ಬ ಕೊಡು," ಎಂದ ಅತ್ತೆ ಬೆನ್ನು ತಿರುಗಿಸಿ ಹಿಟ್ಟಿನ ಹಲಗೆಯ ಮುಂದೆ ನಿಂತಳು.

ಅವನು ಹೆಂಡತಿಯ ತರಚಿದ ಬೆರಳುಗಳನ್ನು ನೋಡಿದ. ಉಪ್ಪಿನ ಡಬ್ಬದ ಮುಚ್ಚಳ ತೆಗೆದು ಹಿಡಿದ. ಅವಳು ಉಪ್ಪು ಬೆರೆಸಿ ನಾದಿದಳು. ಅತ್ತೆಯೂ ಪಕ್ಕದಲ್ಲಿ ನಿಂತು ಒಂದು ಉಂಡೆ ಕಟ್ಟಿದಳು.

ಬ್ರೆಡ್ಡುಗಳು ಭಟ್ಟಿಯಿಂದ ಹೊರಬಂದಾಗ ಅಂಗಡಿಯೆಲ್ಲ ಘಮಘಮ. ಸೊಸೆ ಒಂದೊಂದನ್ನೇ ಬೋರಲು ಹಾಕಿ, ತಟ್ಟಿ, ಕೇಳಿ, ಬದಿಗಿಟ್ಟಳು. ಒಂದನ್ನು ತಟ್ಟಿದವಳು ಅಲ್ಲೇ ಕೈ ನಿಲ್ಲಿಸಿದಳು. ಕಿವಿಗೆ ಹತ್ತಿರ ಹಿಡಿದು ಮತ್ತೆ ತಟ್ಟಿದಳು.

"ಇದರೊಳಗೆ ಏನೋ ಇದೆ."

ಗಂಡನ ಮುಖ ಬಿಳುಚಿಕೊಂಡಿತು. "ನೋಡಿದ್ಯಾ ಅಮ್ಮ? ಮತ್ತೆ ಶುರುವಾಯ್ತು..."

"ಬೇಕಾದ್ರೆ ಮುರಿದು ನೋಡಿ," ಎಂದು ಅವಳು ಬ್ರೆಡ್ಡನ್ನು ಅವನ ಕೈಗೇ ಕೊಟ್ಟಳು.

ಅವನು ಮುರಿದ. ಹಬೆಯಾಡುವ ತಿರುಳಿನ ನಡುವೆ ಬೀಗದ ಕೈ.

ಅವನು ತಾಯಿಯ ಕಡೆ ತಿರುಗಿದ. ಅವಳು ನಿಧಾನವಾಗಿ ಉಗುರಿನ ಸಂದಿಯ ಹಿಟ್ಟು ಒರೆಸಿಕೊಳ್ಳುತ್ತಿದ್ದಳು.

"ಓ, ಸಿಕ್ತಾ? ಇಟ್ಟಿರು. ನಾಳೆ ಡಾಕ್ಟರು ಬಂದ್ರೆ, ಅದಕ್ಕೊಂದಿಷ್ಟು ಬೆಣ್ಣೆ ಹಚ್ಚಿ ಅವರಿಗೇ ಕೊಡು."