ತಿಗಣೆಯ ದೂರು

ಮುನಿಶಾಮಿ ಅಂಗಿ ಎತ್ತಿ ಬೆನ್ನು ತೋರಿಸಿದ. ವಕೀಲ ಕೋದಂಡಪ್ಪನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಸೊಂಟದಿಂದ ಹೆಗಲಿನವರೆಗೆ ಕೆಂಪು ಗುಳ್ಳೆಗಳು ಸಾಲುಗಟ್ಟಿದ್ದವು.

"ತಿಗಣೆ," ಎಂದರು.

"ಶನಿವಾರ ರಾತ್ರಿ ಸಾರ್. ಇಲ್ಲೇ ರೈಲ್ ಟೇಸನ್ ಎದುರು ಪಾಪಕ್ಕನ ಲಾಡ್ಜು, ಏಳನೇ ನಂಬರ್ ರೂಮು. ಕೋರ್ಟಿಗೆ ಆಕ್ಬೋದಾ?"

"ಹಾಕಬಹುದು. ಪರಿಹಾರ ಕೇಳಿ ದಾವೆ ಹೂಡಿದರೆ ನಿನ್ನ ಮಗ ರಿಟೈರಾಗುವ ಹೊತ್ತಿಗೆ ತೀರ್ಪು ಬಂದೀತು. ಅದಕ್ಕಿಂತ ಪುರಸಭೆಗೆ ದೂರು ಕೊಡು. ಹೆಲ್ತ್ ಇನ್ಸ್‌ಪೆಕ್ಟರು ಬಂದು ನೋಡಿದರೆ ಅವಳ ಲೈಸೆನ್ಸೇ ರದ್ದು. ಪರಿಹಾರವನ್ನೂ ಅದರಲ್ಲೇ ಸೇರಿಸೋಣ, ಎಷ್ಟು ಕೇಳಲಿ?"

"ಪರಿಹಾರ ಗಿರಿಹಾರ ಬ್ಯಾಡ ಸಾರ್. ಸಂಜೆ ಆರಕ್ಕೆ ಬಂದು ಬೆಳಗಾಗೋವರ್ಗೂ ಅಲ್ಲೇ ಇದ್ದೆ ಅಂತ ದಪ್ಪಕ್ಷರದಲ್ಲಿ ಬರೀರಿ. ತಾರೀಕು ಮಾತ್ರ ಮರೀಬ್ಯಾಡಿ."

ಬಿಡಿಗಾಸೂ ಕೇಳದ ಕಕ್ಷಿದಾರ ಕೋದಂಡಪ್ಪನವರಿಗೆ ಸಿಕ್ಕಿದ್ದು ಅದೇ ಮೊದಲು. ಚಿನ್ನದ ಗಣಿ ಕೆಲಸದವನಾದರೂ ಸ್ವಾಭಿಮಾನಿ ಎಂದುಕೊಂಡು ದೂರು ಬರೆದರು. ಮುನಿಶಾಮಿ ರುಜು ಹಾಕಿದ.

ಪಾಳಿಯಲ್ಲೂ ಅವನು ಸಿಕ್ಕಸಿಕ್ಕವರಿಗೆಲ್ಲ ಬೆನ್ನು ತೋರಿಸಿದ. ಪಾಪಕ್ಕನ ಲಾಡ್ಜಿನ ಹೆಸರು ಗಣಿ ಊರಾದ ಮಾರಿಕುಪ್ಪಂವರೆಗೂ ಕೆಟ್ಟಿತು. ಗುಳ್ಳೆಗಳು ಒಣಗುತ್ತ ಬಂದವು. ಆದರೆ ಏನೂ ಅರಿಯದ ಹೆಂಗಸಿಗೆ ಅನ್ಯಾಯ ಮಾಡಿದೆನಲ್ಲ ಎಂಬುದು ಅವನನ್ನು ಊಟಕ್ಕೆ ಕೂತರೂ ಬಿಡಲಿಲ್ಲ.

ಪುರಸಭೆಯವರು ವಿಚಾರಣೆಗೆ ಕರೆದ ಸೋಮವಾರ ಬಂಗಾರಪೇಟೆಯಲ್ಲಿ ರೈಲು ಇಳಿದವನಿಗೆ ಮೊದಲು ಕಂಡದ್ದು ಹೊಗೆ. ಲಾಡ್ಜಿನ ಹಿತ್ತಿಲಲ್ಲಿ ಪಾಪಕ್ಕ ಹಾಸಿಗೆ ಸುಡುತ್ತಿದ್ದಳು. ಒಂದೆರಡಲ್ಲ, ಎಂಟೂ ಹಾಸಿಗೆ. ಕುದಿನೀರು ಹುಯ್ದ ಮಂಚಗಳು ಬಿಸಿಲಿನಲ್ಲಿ ನಿಂತಿದ್ದವು. ಗಂಡ ತೀರಿಕೊಂಡ ಮೇಲೆ ಅವಳ ಹೊಟ್ಟೆ ಹೊರೆಯುತ್ತಿದ್ದುದು ಆ ಎಂಟು ಮಂಚಗಳೇ.

ಮುನಿಶಾಮಿ ಬೈಸಿಕೊಳ್ಳಲು ತಯಾರಾಗಿ ನಿಂತ. ಅವಳು ಬೈಯಲಿಲ್ಲ.

"ಬಾಪ್ಪಾ, ಉರಿ ಕಮ್ಮಿ ಆಯ್ತಾ? ಬೇವಿನೆಲೆ ಅರೆದು ಮಡಗಿದೀನಿ, ಅಚ್ಕೊ. ನಂದೇ ತಪ್ಪು ಕಣಪ್ಪ. ಒಂದು ತಿಂಗಳಿಂದ ಮಂಚಕ್ಕೆ ಬಿಸಿನೀರು ಉಯ್ದಿರ್ಲಿಲ್ಲ. ಅವತ್ತು ಬೆಳಗ್ಗೆ ಕಾಫಿ ತಂದಾಗ್ಲೇ ನೋಡ್ದೆ, ಆಸ್ಗೆ ಒಂಚೂರೂ ಸುಕ್ಕಾಗಿರ್ಲಿಲ್ಲ. ಅಯ್ಯೋ ಪಾಪ, ರಾತ್ರಿಯೆಲ್ಲ ನಿಂತೇ ಕಳ್ದಿದೀಯ."

ಥೂ ನಿನ್ನ ಜನ್ಮಕ್ಕೆ ಎಂದು ಮುನಿಶಾಮಿ ತನ್ನನ್ನೇ ಬೈದುಕೊಂಡ. ಆಗಲೇ ಒಂಬತ್ತು ದಿನ ಕಳೆದಿತ್ತು. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಇನ್ನು ಆ ದೂರಾದರೂ ಯಾಕೆ?

ನೇರ ವಕೀಲರ ಮನೆಗೆ ನಡೆದ.

"ದೂರು ವಾಪಸ್ ತಗೋತೀನಿ ಸಾರ್."

"ಸುಮ್ಮನೆ ವಾಪಸ್ ತಗೊಂಡರೆ ಆಗದಯ್ಯಾ. ತಿಗಣೆ ಇದ್ದದ್ದು ನಿಜವಾದರೆ ಇನ್ಸ್‌ಪೆಕ್ಟರು ಅವಳನ್ನು ಬಿಡುವುದಿಲ್ಲ. ಆ ರಾತ್ರಿ ನಾನು ಆ ಲಾಡ್ಜಿನಲ್ಲಿ ಇರಲೇ ಇಲ್ಲ, ಸುಳ್ಳು ದೂರು ಕೊಟ್ಟೆ ಅಂತ ಬರೆದುಕೊಡಬೇಕಾಗುತ್ತೆ. ಹೋಗುವುದು ನಿನ್ನ ಮರ್ಯಾದೆ. ಯೋಚನೆ ಮಾಡು."

ವಕೀಲರು ಬರೆದ ಕಾಗದವನ್ನು ಮುನಿಶಾಮಿ ತನ್ನ ಮುಂದಕ್ಕೆ ಎಳೆದುಕೊಂಡ. ಕಿಟಕಿಯಲ್ಲಿ ಇನ್ನೂ ಹೊಗೆ ಕಾಣುತ್ತಿತ್ತು. ರುಜು ಹಾಕಿದ.

ಒಂದು ಪ್ರತಿ ಪುರಸಭೆಗೆ ಹೋಯಿತು. ಇನ್ನೊಂದನ್ನು ಅವನೇ ಪಾಪಕ್ಕನ ಕೈಗಿಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

"ನನ್ನ ಉಳಿಸೋಕೆ ನಿನ್ನ ಮೇಲೇ ಸುಳ್ಳು ಬರಸ್ಕೊಂಡ್ಯಲ್ಲಪ್ಪ. ದೇವರಂತೋನು ನೀನು."

ಮುನಿಶಾಮಿ ತಲೆ ತಗ್ಗಿಸಿಕೊಂಡೇ ಹೊರಟ. ಅವತ್ತು ಮಾತ್ರ ಅವನಿಗೆ ಕಣ್ತುಂಬ ನಿದ್ದೆ ಬಂತು.

ಗುರುವಾರ ಪಾಳಿ ಮುಗಿಸಿ ಬಂದಾಗ ಮನೆ ಬಾಗಿಲಲ್ಲಿ ಪೊಲೀಸರು ನಿಂತಿದ್ದರು. ಸಬ್‌ ಇನ್ಸ್‌ಪೆಕ್ಟರ ಕೈಯಲ್ಲಿ ಪಾಪಕ್ಕನಿಗೆ ಕೊಟ್ಟಿದ್ದ ಕಾಗದವಿತ್ತು.

"ಆ ಶನಿವಾರ ರಾತ್ರಿ ಗಣಿಯಿಂದ ಚಿನ್ನ ಹೋಗಿದೆ. ಬಂಗಾರಪೇಟೆ ಲಾಡ್ಜಲ್ಲಿದ್ದೆ, ತಿಗಣೆ ಕಡೀತು ಅಂತ ಊರಿಗೆಲ್ಲ ಬೆನ್ನು ತೋರಿಸಿದ್ದೀಯಂತೆ. ಹೋಗಿ ವಿಚಾರಿಸಿದ್ವಿ. ನೀನು ಅಲ್ಲಿ ಇರಲೇ ಇಲ್ಲ ಅಂತ ಆಯಮ್ಮ ಆಣೆ ಇಟ್ಟು ಇದನ್ನ ಕೊಟ್ಟಳು. ರುಜು ನಿಂದೇ ತಾನೆ?"

ರುಜು ಅವನದೇ. ಗುಳ್ಳೆಗಳು ಮಾತ್ರ ಅವನ ಮನೆಯ ಮಂಚದವು. ರುಜು ಹಾಕಿದ ಎರಡು ಕಾಗದಗಳಲ್ಲಿ ಅವನು ನಿಜ ಬರೆಸಿದ್ದು ಇದೊಂದರಲ್ಲೇ.