ಪಾಯಿಂಟ್ ಸೊನ್ನೆ ನಾಲ್ಕು

ಇರುವೆ ಒಮ್ಮೆ ಆಕಳಿಸಿದರೆ ಎಷ್ಟು ಕರೆಂಟು ಖರ್ಚಾಗುತ್ತದೆ ಎಂದು ದಶಾಂಶ ಸಮೇತ ಹೇಳಬಲ್ಲ ಗಂಡಸು ಈ ಭೂಮಂಡಲದಲ್ಲಿ ಒಬ್ಬನೇ ಇದ್ದ. ಪರೀಕ್ಷಾಲಯದ ಮೂರನೇ ಮೇಜಿನವನು. ಅಂದು ಅವನು ಸ್ವಂತ ಅಕ್ಕನ ರೇಡಿಯೋದ ಕಾಗದದ ಮೇಲೆ ಮೂರನೇ ಸಲ ‘ಅನುತ್ತೀರ್ಣ’ ಎಂದು ಮುದ್ರೆ ಒತ್ತುತ್ತಿದ್ದ.

ನಿಯಮ ಸರಳ. ಆರಿಸಿಟ್ಟ ಯಂತ್ರ ಪ್ಲಗ್ಗಿನಲ್ಲಿ ಸುಮ್ಮನೆ ಕೂತಿರುವಾಗ ಅರ್ಧ ವ್ಯಾಟಿಗಿಂತ ಹೆಚ್ಚು ಕುಡಿಯಬಾರದು. ಕುಡಿದರೆ ಅಂಗಡಿಯ ಮುಖ ನೋಡುವಂತಿಲ್ಲ. ಟಿವಿಯಾಗಲಿ, ಸ್ಪೀಕರಾಗಲಿ, ಅವನ ಮೇಜು ದಾಟಿಯೇ ಹೋಗಬೇಕು. ದೊಡ್ಡ ದೊಡ್ಡ ಕಂಪನಿಗಳ ಎಂಜಿನಿಯರುಗಳು ಅವನು ಕೆಮ್ಮಿದರೆ ಬೆವರುತ್ತಿದ್ದರು. ಅವನ ತೇಜಸ್ಸು ಎಂಥದ್ದೆಂದರೆ, ಮೇಜು ಖಾಲಿ ಇದ್ದಾಗಲೂ ಅವನು ಎದುರು ಕೂತರೆ ಸಾಕು, ಮೀಟರಿನ ಕೊನೆಯ ಅಂಕಿ ಮಿಣುಕುತ್ತಿತ್ತು.

“ಎಷ್ಟು ಬಂತೋ?” ಅಕ್ಕ ಕೇಳಿದಳು.

“ಪಾಯಿಂಟ್ ಐದು ಮೂರು.”

“ನಮ್ಮಲ್ಲಿ ಪಾಯಿಂಟ್ ನಾಲ್ಕು ಒಂಬತ್ತು ಬರುತ್ತೆ ಕಣೋ.”

“ನಿನ್ನ ಮೀಟರು ನಿನ್ನ ಉಪ್ಪು ತಿಂದಿದೆ. ನಿನ್ನ ಪರವಾಗೇ ಮಾತಾಡುತ್ತೆ.”

“ನಿಂದು ಯಾರ ಉಪ್ಪು ತಿಂದಿದೆಯೋ, ಅದನ್ನೂ ಒಂದ್ಸಲ ನೋಡ್ಕೋ.”

“ನಂದು ಏನೂ ತಿನ್ನಲ್ಲ, ಅಕ್ಕ.”

ಅದು ಕಣ್ಣು ಮಬ್ಬಾದವರಿಗೆಂದು ಅವಳ ಪುಟ್ಟ ಕಾರ್ಖಾನೆ ಮಾಡುತ್ತಿದ್ದ ರೇಡಿಯೋ. ಮೊದಲನೆಯದನ್ನು ಅಮ್ಮನಿಗೆಂದೇ ಮಾಡಿದ್ದಳು. ಆರಿಸಿದ ಮೇಲೂ ಗುಂಡಿಯ ಸುತ್ತ ಒಂದು ಕೆಂಪು ದೀಪ ಉರಿಯುತ್ತಿತ್ತು. ಅಮ್ಮ ಆ ಕೆಂಪನ್ನು ಹಿಡಿದೇ ಕೈ ಚಾಚುತ್ತಿದ್ದಳು. ಅಕ್ಕ ಮತ್ತು ಅವಳ ಜೊತೆ ಬೆಸುಗೆ ಹಾಕುವ ಆರು ಹೆಂಗಸರು ಅದೇ ದೀಪವನ್ನು ನಂಬಿಕೊಂಡಿದ್ದರು. ಇನ್ನು ಉಳಿದಿದ್ದು ಒಂದೇ ಅವಕಾಶ.

ಅಕ್ಕ ಜಗಳವಾಡಲಿಲ್ಲ. ಚೀಲದಿಂದ ಕಟ್ಟರ್ ತೆಗೆದಳು, ರೇಡಿಯೋದ ಬೆನ್ನು ಬಿಚ್ಚಿದಳು, ಉಗುರು ಕತ್ತರಿಸಿದಷ್ಟೇ ನಿರಾಳವಾಗಿ ದೀಪದ ತಂತಿ ಕತ್ತರಿಸಿದಳು.

“ಈಗ ಹಾಕಿ ನೋಡು.”

ಅಂಕಿ ಒಂದು ಕಡೆ ನಿಲ್ಲಲೆಂದು ಅರ್ಧ ಗಂಟೆ ಇಬ್ಬರೂ ಕಾದರು. ಪಾಯಿಂಟ್ ನಾಲ್ಕು ಎಂಟು. ಅವನು ‘ಉತ್ತೀರ್ಣ’ ಎಂದು ಒತ್ತಿದ.

“ಪಾಸಾಯ್ತಲ್ಲ,” ಎಂದ.

“ಆಯ್ತಪ್ಪ. ಇನ್ನು ಇದು ಎಲ್ಲಿದೆ ಅಂತ ಹುಡುಕೋಕೆ ಬೇರೆ ಯಂತ್ರ ಮಾಡ್ತೀನಿ.”

ದೀಪವಿಲ್ಲದ ರೇಡಿಯೋವನ್ನು ಯಾರೂ ಕೊಳ್ಳಲಿಲ್ಲ. ಎಂಟು ತಿಂಗಳಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಕ್ಕ ಈಗ ಇನ್ಯಾರದೋ ಅಂಗಡಿಯಲ್ಲಿ ಫ್ಯಾನ್ ರಿಪೇರಿ ಮಾಡುತ್ತಾಳೆ. ಅಮ್ಮನ ಹಳೆಯದು ಕೆಟ್ಟುಹೋಗಿ, ಉಳಿದ ಹೊಸವುಗಳಲ್ಲಿ ಒಂದು ಮನೆಗೆ ಬಂತು. ಅಮ್ಮ ಸ್ವಲ್ಪ ಹೊತ್ತು ಗೋಡೆ ತಡವುತ್ತಾಳೆ, ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ಆದರೆ ಅವನ ಕೀರ್ತಿ ಏಳು ಸಮುದ್ರ ದಾಟಿತು. “ಒಡಹುಟ್ಟಿದವಳಿಗೂ ಪಾಯಿಂಟ್ ಸೊನ್ನೆ ಮೂರು ಬಿಟ್ಟುಕೊಡದ ಪುಣ್ಯಾತ್ಮ” ಎಂದರು ಮೇಲಿನವರು. ಅವನ ಫೋಟೋಗೆ ಕಟ್ಟು ಹಾಕಿಸಿ ಮೂರನೇ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದರು.

ಮೊನ್ನೆ ಹೊರಗಿನಿಂದ ತಪಾಸಣೆಗೆ ಒಬ್ಬ ಹೆಂಗಸು ಬಂದಳು. ಖಾಲಿ ಮೇಜು, ಮಿಣುಕುವ ಅಂಕಿ. ಪಾಪ, ಅವಳಿಗೆ ತೇಜಸ್ಸಿನ ವಿಷಯ ಯಾರೂ ಹೇಳಿರಲಿಲ್ಲ. ಬಗ್ಗಿ ಮೇಜಿನ ಹಿಂದಿನ ವೈರುಗಳನ್ನು ಬೆರಳಿನಿಂದ ಸವರಿ ನೋಡಿದಳು.

“ಈ ವೈರು ತಪ್ಪು ಕಡೆ ಕೂತಿದೆ ರೀ. ಮೀಟರು ತನ್ನ ಊಟಾನೂ ಮೇಜಿನ ಮೇಲಿರೋದರ ಲೆಕ್ಕಕ್ಕೇ ಬರೀತಿದೆ. ಪ್ರತಿ ಸಲ ಪಾಯಿಂಟ್ ಸೊನ್ನೆ ನಾಲ್ಕು ಜಾಸ್ತಿ. ಯಾರು ಹಾಕಿದ್ದು ಇದನ್ನ?”

“ಮೊದಲು ಇಲ್ಲಿ ಒಬ್ಬ ಇದ್ದ,” ಎಂದು ಮೂರನೇ ಮೇಜಿನಿಂದ ಉತ್ತರ ಬಂತು. “ಅವನು.”

ಅವಳು ಗೋಡೆಯ ಫೋಟೋ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಅವನು ನಾನೇ. ಪಾಯಿಂಟ್ ಸೊನ್ನೆ ನಾಲ್ಕರ ವಿಷಯ ಅಕ್ಕನಿಗೆ ಇನ್ನೂ ಹೇಳಿಲ್ಲ.